ವಸೀಲಾಳನ್ನು ಕಟ್ಟಿದವಳು

ಕಡಲ ತೀರದ ಸ್ಫಾಕ್ಸ್ ನಗರದ ಗ್ರೆಮ್ದಾ ರಸ್ತೆಯಲ್ಲಿ, ಔಷಧಿ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ದೊರ್ರಾ ಎಲ್ಲೂಜ್ ಕೆಲಸಕ್ಕಿದ್ದಳು. ಯಜಮಾನರು ತೌಫೀಕ್; ಎಲ್ಲರೂ ಗೌರವದಿಂದ ಸೀ ತೌಫೀಕ್ ಎನ್ನುತ್ತಿದ್ದರು. ಡಯಾಲಿಸಿಸ್ ಕೇಂದ್ರಗಳಿಗೆ ಬೇಕಾದ ಕಂಪ್ಯೂಟರ್ ಪ್ರೋಗ್ರಾಂ ಬರೆದು ಕೊಡುವುದು ಅವರ ಕಸುಬು. ಯಾವ ರೋಗಿಗೆ ಯಾವ ಕುರ್ಚಿ, ಇವತ್ತಿನ ತೂಕವೆಷ್ಟು, ಮೈಯಿಂದ ಎಷ್ಟು ನೀರು ಇಳಿಸಬೇಕು, ವಿಮೆಯವರಿಗೆ ಯಾವ ಕಾಗದ ಹೋಗಬೇಕು, ಇದೆಲ್ಲವನ್ನೂ ಆ ಪ್ರೋಗ್ರಾಂ ನೋಡಿಕೊಳ್ಳುತ್ತಿತ್ತು.

ಕಂಪ್ಯೂಟರಿನ ಹೊಸ ಭಾಷೆಯಲ್ಲಿ ಬರೆಯಬಲ್ಲವಳು ಎಂದು ಅವಳನ್ನು ತೆಗೆದುಕೊಂಡಿದ್ದರು. ಕೈಗೆ ಬಂದ ಕೆಲಸವೇ ಬೇರೆ. ಆ ಪ್ರೋಗ್ರಾಂ ಹತ್ತಾರು ತುಣುಕುಗಳ ದೊಡ್ಡ ಸಂಸಾರ. ಹಳೆಯ ತುಣುಕುಗಳನ್ನು ಸೀ ತೌಫೀಕ್ ತಮ್ಮ ಪ್ರಾಯದಲ್ಲಿ ಹಳೆಯ ಭಾಷೆಯಲ್ಲಿ ಬರೆದಿದ್ದರು. ಹೊಸವನ್ನು ದೊರ್ರಾ ಮತ್ತು ಅವಳ ಜೊತೆಗಿದ್ದ ಹಾತಿಮ್ ಎಂಬ ಹುಡುಗ ಬರೆಯುತ್ತಿದ್ದರು. ಹಳೆಯದಕ್ಕೆ ಹೊಸದರ ಗುರುತಿಲ್ಲ, ಹೊಸದಕ್ಕೆ ಹಳೆಯದರ ಮಾತು ತಿಳಿಯದು. ಎರಡೂ ಕೂಡಿ ಬಾಳಬೇಕಾದರೆ ಪ್ರತಿಯೊಂದು ಹೊಸ ತುಣುಕಿನ ಹೆಸರು, ಅದರ ಮಾರುದ್ದದ ಗುರುತಿನ ಸಂಖ್ಯೆ, ಅದು ಕೂತಿರುವ ಜಾಗ, ಇವಿಷ್ಟನ್ನೂ ಆಯಾ ಕಂಪ್ಯೂಟರಿನ ಒಳಗೆ ನೋಂದಾಯಿಸಬೇಕು. ಆಗ ಹಳೆಯದು ಅಲ್ಲಿ ಹುಡುಕಿ ಹೊಸದನ್ನು ಕರೆದುಕೊಳ್ಳುತ್ತದೆ. ಒಂದಕ್ಷರ ತಪ್ಪಿದರೂ 'ತುಣುಕು ಸಿಗಲಿಲ್ಲ' ಎಂದು ಪರದೆಯ ಮೇಲೆ ಬರೆದು ಇಡೀ ಪ್ರೋಗ್ರಾಂ ಮುಷ್ಕರ ಹೂಡಿಬಿಡುತ್ತದೆ.

ನೋಂದಣಿಗೆಂದು ಸಿದ್ಧ ಸಾಧನವೊಂದೇನೋ ಇತ್ತು. ಅದಕ್ಕೆ ಒಂದೊಂದನ್ನೂ ಬಿಡಿಬಿಡಿಯಾಗಿ ಹೇಳಬೇಕು, ಯಾವುದು ಮೊದಲು ಯಾವುದು ಆಮೇಲೆ ಎಂಬುದು ನಮಗೇ ಗೊತ್ತಿರಬೇಕು, ತಪ್ಪಾದರೆ ಎಲ್ಲಿ ತಪ್ಪಾಯಿತೆಂದು ಬಾಯಿ ಬಿಡುತ್ತಿರಲಿಲ್ಲ. ಹಾಗಾಗಿ ದೂರದ ಗಫ್ಸಾ ಕೇಂದ್ರದಲ್ಲಾಗಲಿ ಗಾಬೆಸ್ ಕೇಂದ್ರದಲ್ಲಾಗಲಿ ಪ್ರೋಗ್ರಾಂ ಬದಲಾದಾಗಲೆಲ್ಲ ದೊರ್ರಾಳೇ ಹೋಗಬೇಕಾಗಿತ್ತು. ಬಾಡಿಗೆ ಲುವಾಜ್ ಕಾರುಗಳ ಹಿಂದಿನ ಸೀಟಿನಲ್ಲಿ, ಅಪರಿಚಿತರ ಬುಟ್ಟಿಗಳ ನಡುವೆ ಮೊಣಕಾಲು ಮಡಚಿ ಕೂತು ಅವಳ ಪ್ರಾಯದ ಎಷ್ಟೋ ಬೆಳಗುಗಳು ಕಳೆದವು. ಚಾಲಕರಿಗೆಲ್ಲ ಅವಳ ಗುರುತು. "ಬಂದ್ರು ನೋಡು, ಕಂಪ್ಯೂಟರ್ ಸೂಲಗಿತ್ತಿ" ಎನ್ನುತ್ತಿದ್ದರು.

ಹೀಗಿರುವಾಗ ಅವಳಿಗೆ ಮದುವೆಯಾಯಿತು. ಗಂಡ ಜಿಲಾನಿ ಎದುರಿನ ಕೆರ್ಕೆನ್ನಾ ದ್ವೀಪದವನು, ಅತಾಯಾ ಹಳ್ಳಿಯ ಶಾಲೆಯಲ್ಲಿ ಮೇಷ್ಟ್ರು. ಸಮುದ್ರ ಬಿಟ್ಟರೆ ಉಸಿರು ಕಟ್ಟುವ ಜಾತಿ. ಮದುವೆಗೆ ಮುಂಚೆಯೇ ಮಾತಾಗಿತ್ತು: ಸ್ವಲ್ಪ ಕಾಲ ವಾರದ ಕೊನೆಗೆ ಅವಳು ಲೂದ್ ಎಂಬ ದ್ವೀಪದ ಹಡಗು ಹತ್ತಿ ಹೋಗಿ ಬರುವುದು, ಆಮೇಲೆ ಪೂರ್ತಿ ಅಲ್ಲಿಗೇ. ದ್ವೀಪದಲ್ಲೇ, ರಮ್ಲಾ ಊರಿನಲ್ಲಿ ಹೆಣ್ಣುಮಕ್ಕಳ ತರಬೇತಿ ಕೇಂದ್ರವೊಂದು ತೆರೆಯುವುದಿತ್ತು. ಕಂಪ್ಯೂಟರ್ ಕಲಿಸುವವರು ಬೇಕು, ನೀವೇ ಬನ್ನಿ ಎಂದು ಅಲ್ಲಿಯವರು ಹೇಳಿಯೂ ಆಗಿತ್ತು.

ದೊರ್ರಾ ಸೀ ತೌಫೀಕರ ಮುಂದೆ ಕೂತು ವಿಷಯ ತೆಗೆದಳು. ಅವರು ಕೆಟ್ಟವರಲ್ಲ. ಬೈದವರಲ್ಲ, ಸಂಬಳ ನಿಲ್ಲಿಸಿದವರಲ್ಲ. ಬಾದಾಮಿ ಹಾಕಿದ ಚಹಾ ತರಿಸಿ ಅವಳ ಮುಂದಿಟ್ಟು ಹೇಳಿದರು:

"ಹೋಗು ಮಗಳೇ, ನಾನ್ಯಾಕೆ ತಡೀಲಿ? ಹೆಣ್ಣು ಗಂಡನ ಮನೇಲಿದ್ರೆ ಚಂದ. ಆದ್ರೆ ಒಂದು ಮಾತು. ಯಾವತ್ತು ಗಫ್ಸಾದವರು ಫೋನ್ ಎತ್ತಿ 'ದೊರ್ರಾನ ಕಳ್ಸಿ' ಅನ್ನಲ್ವೋ, ಅವತ್ತು ಹೋಗು. ಅಲ್ಲಿ ಕುರ್ಚಿ ಮೇಲೆ ಕೂತಿರೋರು ರೋಗಿಗಳಮ್ಮ. ಅವರನ್ನ ಬಿಟ್ಟು ಹೋಗು ಅಂತ ನಾನು ಹೆಂಗೆ ಹೇಳ್ಲಿ?"

ಉಗುಳುವಂತಿಲ್ಲ, ನುಂಗುವಂತಿಲ್ಲ. ಅವಳು ಚಹಾ ಕುಡಿದು ಎದ್ದುಬಂದಳು.

ತನ್ನ ಕೈ ಮಾಡುವ ಕೆಲಸವನ್ನೆಲ್ಲ ತಾನೇ ಮಾಡುವ ಸಾಧನವೊಂದನ್ನು ಕಟ್ಟಿಬಿಟ್ಟರೆ ಹೇಗೆ ಎಂಬ ಯೋಚನೆ ಅವಳಿಗೆ ಹುಟ್ಟಿದ್ದು ಆವಾಗಲೇ. ಆ ಚಳಿಗಾಲವೆಲ್ಲ ಅದರಲ್ಲೇ ಮುಳುಗಿದಳು. ಸಾಧನವು ತುಣುಕುಗಳಿದ್ದ ಜಾಗವನ್ನು ತಾನೇ ಜಾಲಾಡಬೇಕು. ಪ್ರತಿಯೊಂದನ್ನೂ ಬಿಚ್ಚಿ ಅದರ ಹೆಸರು, ಸಂಖ್ಯೆ, ನೆಂಟಸ್ತಿಕೆ ಓದಬೇಕು. ಯಾರಿಗೆ ಯಾರು ಬೇಕೆಂದು ತಿಳಿದು ಅದೇ ಕ್ರಮದಲ್ಲಿ ನೋಂದಾಯಿಸಬೇಕು. ಸತ್ತುಹೋದ ತುಣುಕಿನ ಹಳೆಯ ನೋಂದಣಿ ಉಳಿದಿದ್ದರೆ ಗುಡಿಸಿ ಹಾಕಬೇಕು. ಎಲ್ಲಾದರೂ ಎಡವಿದರೆ ಮನುಷ್ಯರ ಭಾಷೆಯಲ್ಲಿ, ನರ್ಸ್‌ಗೂ ತಿಳಿಯುವ ಹಾಗೆ, ಇಂಥ ಕಡೆ ಇಂಥದು ಕೆಟ್ಟಿದೆ ಎನ್ನಬೇಕು. ಕಷ್ಟದ ಕೆಲಸ. ಹತ್ತು ಸಲ ಕಟ್ಟಿದಳು, ಹತ್ತು ಸಲ ಕೆಡವಿದಳು. ವಾರದ ಕೊನೆಗೆ ದ್ವೀಪಕ್ಕೆ ಹೋದರೂ ಅತ್ತೆ ಬಡಿಸಿದ ಆಕ್ಟೋಪಸ್ ಕುಸ್ಕುಸ್ ತಟ್ಟೆಯ ಮುಂದೆ ಕೂತು ಅದನ್ನೇ ಯೋಚಿಸುತ್ತಿದ್ದಳು.

ಅದಕ್ಕೆ ವಸೀಲಾ ಎಂದು ಹೆಸರಿಟ್ಟಳು. ಅರಬಿಯಲ್ಲಿ ಉಪಾಯ ಎಂದೂ ಆಗುತ್ತದೆ, ಹೆಣ್ಣಿನ ಹೆಸರೂ ಹೌದು. ಅವಳನ್ನು ಲಲ್ಲಾ, ಅಂದರೆ ಅಮ್ಮಾವ್ರೇ, ಎಂದು ಕರೆಯುತ್ತಿದ್ದ ಹಾತಿಮನಿಗೆ ಹಬ್ಬವಾಯಿತು.

"ಏನ್ ಲಲ್ಲಾ ದೊರ್ರಾ, ವಸೀಲಮ್ಮ ಇವತ್ತು ಎದ್ದಿದ್ದಾರಾ? ಇಲ್ಲ ನಿನ್ನೆ ಥರ ಮುಸುಕು ಹೊದ್ಕೊಂಡು ಮಲಗಿದ್ದಾರಾ?"

"ನಿನ್ನ ತುಣುಕಿನ ಮುಖ ನೋಡಿ ಹೆದರ್ಕೊಂಡಿದ್ದಾಳೆ ಕಣೋ. ಸರಿಯಾಗಿ ಬರಿ, ಏಳ್ತಾಳೆ."

"ಏಳ್ಲಿ ಏಳ್ಲಿ. ಅವರು ಎದ್ರೆ ತಾನೆ ನೀವು ಅತ್ತೆಮನೇಲಿ ಮಲಗೋದು!"

ಬೇಸಿಗೆಗೆ ಮುಂಚೆ ವಸೀಲಾ ಎದ್ದಳು. ಗಫ್ಸಾಕ್ಕೆ ಲುವಾಜ್ ಚಾಲಕನ ಕೈಯಲ್ಲಿ ಒಂದು ಸೀಡಿ ಕಳಿಸಿದರು. ಅಲ್ಲಿಯ ಗುಮಾಸ್ತ ಅದನ್ನು ಹಾಕಿ ಒಂದು ಗುಂಡಿ ಒತ್ತಿದ. ಸ್ವಲ್ಪ ಹೊತ್ತಿಗೆ ಫೋನ್ ಬಂತು.

"ಆಯ್ತಲ್ಲಾ ಮೇಡಂ! ಎಲ್ಲಾ ನೋಂದಣಿ ಆಗಿದೆ ಅಂತ ಬರ್ದಿದೆ. ಪ್ರೋಗ್ರಾಂ ಓಡ್ತಿದೆ. ಇನ್ನೇನ್ ಮಾಡ್ಲಿ?"

"ಏನೂ ಮಾಡ್ಬೇಡ. ಚಹಾ ಕುಡಿ" ಎಂದಳು ದೊರ್ರಾ. ಕಣ್ಣಲ್ಲಿ ನೀರು ಬಂದಿತ್ತು.

ಸೀ ತೌಫೀಕ್ ಅವತ್ತು ಸಿಹಿ ತರಿಸಿದರು. ತುಪ್ಪದ ಬೆರಳಲ್ಲೇ ಅವಳ ತಲೆ ಸವರಿ ಹರಸಿದರು. ಆಮೇಲೆ ಅದೇ ಉಸಿರಿನಲ್ಲಿ, "ಇನ್ನು ನಮಗೆ ಹೆದರಿಕೆ ಇಲ್ಲ. ಕೆಬಿಲಿ, ತೊಝೂರ್, ಸೀದಿ ಬೂಝೀದ್, ಎಲ್ಲಾ ಕಡೆಯಿಂದ ಕೇಳ್ತಿದ್ರು, ನಾನೇ ಆಗಲ್ಲ ಅಂತಿದ್ದೆ. ಇವತ್ತು ಬೆಳಿಗ್ಗೆ ಎಲ್ಲರಿಗೂ ಆಗಲಿ ಅಂತ ಹೇಳ್ಬಿಟ್ಟೆ" ಎಂದರು.

ದೊರ್ರಾಳ ಬಾಯಲ್ಲಿದ್ದ ಸಿಹಿ ಅಲ್ಲೇ ನಿಂತಿತು.

ಕೇಂದ್ರಗಳು ಹೆಚ್ಚಿದವು. ಒಂದೊಂದು ಕೇಂದ್ರದ ಕಂಪ್ಯೂಟರ್ ಒಂದೊಂದು ಥರ. ಕೆಬಿಲಿಯದಕ್ಕೆ ಫ್ರೆಂಚ್ ಬಾರದು, ತೊಝೂರಿನದಕ್ಕೆ ಹೊಸ ಭಾಷೆಯ ಅಡಿಪಾಯವೇ ಇಲ್ಲ. ಪ್ರತಿಯೊಂದಕ್ಕೂ ವಸೀಲಾಳಿಗೆ ಹೊಸ ಪಾಠ ಹೇಳಿಕೊಡಬೇಕು. ಹೇಳಿಕೊಡಬಲ್ಲವಳು ದೊರ್ರಾ ಒಬ್ಬಳೇ. ಮೊದಲು ಕೈಯಿಂದ ಮಾಡುತ್ತಿದ್ದಾಗ ಯಾರಾದರೂ ಪಕ್ಕದಲ್ಲಿ ನಿಂತು ನೋಡಿ ಕಲಿಯಬಹುದಿತ್ತು. ಈಗ ಎಲ್ಲ ವಸೀಲಾಳ ಹೊಟ್ಟೆಯೊಳಗೆ ಹೋಗಿ ಕೂತಿತ್ತು. ಇನ್ನೊಂದು ಸಂಗತಿ ಅವಳಿಗೆ ತಡವಾಗಿ ಹೊಳೆಯಿತು. ಸೀ ತೌಫೀಕರ ಹಳೆಯ ತುಣುಕುಗಳು ಎಂದೋ ಮೂಲೆ ಸೇರಬೇಕಾಗಿದ್ದವು. ಹೊಸದರೊಂದಿಗೆ ಒಗ್ಗದೆ ತೊಂದರೆ ಕೊಡುತ್ತಿದ್ದುದರಿಂದಲೇ ಅವನ್ನು ತೆಗೆದು ಹೊಸದಾಗಿ ಬರೆಯೋಣ ಎಂಬ ಮಾತು ಆಗಾಗ ಏಳುತ್ತಿತ್ತು. ವಸೀಲಾ ಬಂದು ಅವುಗಳ ನಡುವೆ ಸಂಧಾನ ಮಾಡಿದ ಮೇಲೆ ಆ ಮಾತೇ ನಿಂತುಹೋಯಿತು. ಮುದಿ ತುಣುಕುಗಳಿಗೆ ಅವಳೇ ಆಯುಸ್ಸು ಕೊಟ್ಟಿದ್ದಳು.

ಹಾತಿಮನಿಗೆ ಕಲಿಸಿಬಿಡೋಣವೆಂದು ಹೋದಳು. ಅವನು ಎರಡೂ ಕೈ ಮೇಲೆತ್ತಿದ.

"ನನ್ ಕೈಲಿ ಆಗಲ್ಲ ಲಲ್ಲಾ."

"ಆಗಲ್ಲ ಅಂದ್ರೆ? ನಿನಗಿಂತ ದಡ್ಡರು ಕಲೀತಾರೆ."

"ದಡ್ಡರೇ ಕಲಿಯೋದು! ಬುದ್ಧಿ ಇರೋನು ನೋಡಿ ದೂರ ಓಡ್ತಾನೆ. ನಿಮ್ಮ ಮಾವ ಸಮುದ್ರದಲ್ಲಿ ಈಚಲು ಗರಿ ಚುಚ್ಚಿ ಮೀನಿಗೆ ಬಲೆ ಕಟ್ತಾರಲ್ಲ, ಚರಫಿಯಾ, ಅದೇ ಇದು. ಒಳಗೆ ಹೋಗೋಕೆ ದಾರಿ ಎಷ್ಟು ಅಗಲ! ನಾನು ಮುಂದಿನ ವರ್ಷ ಟ್ಯೂನಿಸ್‌ಗೆ ಹೋಗ್ಬೇಕು ಅಂತಿದ್ದೀನಿ. ವಸೀಲಾನ ಕಲಿತ್ರೆ ಸೀ ತೌಫೀಕ್ ನನಗೂ ಬಾದಾಮಿ ಚಹಾ ಕೊಡ್ತಾರೆ."

ದೊರ್ರಾಳಿಗೆ ಸಿಟ್ಟು ಬರಬೇಕಾಗಿತ್ತು. ಬಂದದ್ದು ನಗು. ನಗುತ್ತಲೇ ಎದ್ದು ಬಚ್ಚಲಿಗೆ ಹೋಗಿ ಮುಖ ತೊಳೆದಳು.

ರಮ್ಲಾದ ತರಬೇತಿ ಕೇಂದ್ರದವರು ಎರಡು ಸಲ ಹೇಳಿ ಕಳಿಸಿದರು. ಎರಡು ಸಲವೂ "ಇನ್ನೊಂದು ಸ್ವಲ್ಪ ದಿನ" ಎಂದಳು. ಜಿಲಾನಿ ಲೂದ್ ಹತ್ತಿಸಲು ಬಂದು, ಹಡಗು ಮರೆಯಾಗುವವರೆಗೂ ನಿಂತು, ಕೈ ಬೀಸದೆ ಹೋಗುತ್ತಿದ್ದ. ಒಮ್ಮೆ ಮಾತ್ರ ಕೇಳಿದ: "ದೊರ್ರಾ, ನೀನು ಬರ್ತೀಯಾ ಇಲ್ಲ ಬರ್ಬೇಕು ಅಂತ ಆಸೆ ಪಡ್ತಿದ್ದೀಯಾ? ಎರಡೂ ಬೇರೆ ಬೇರೆ."

ಆ ವರ್ಷ ಈದ್‌ಗೆ ಅವಳು ದ್ವೀಪದಲ್ಲಿದ್ದಳು. ಹಬ್ಬದ ಮಾರನೆಯ ಬೆಳಿಗ್ಗೆ ಗಾಳಿ ಎದ್ದು ಲೂದ್ ನಿಂತುಹೋಯಿತು. ಮನೆಯಲ್ಲಿ ಎಲ್ಲರಿಗೂ ಖುಷಿ. ಸೊಸೆ ಇನ್ನೊಂದು ದಿನ ಉಳಿಯುತ್ತಾಳೆ. ಅತ್ತೆ ಉಪ್ಪುಮೀನಿನ ಜೊತೆಗೆ ಈರುಳ್ಳಿ, ದ್ರಾಕ್ಷಿ ಬೇಯಿಸಿದ ಶರ್ಮೂಲಾ ಬಡಿಸುತ್ತಿದ್ದಳು. ಆಗ ಫೋನ್ ಬಂತು. ಗಾಬೆಸ್ ಕೇಂದ್ರದ ನರ್ಸ್ ಸಲ್ವಾ.

"ದೊರ್ರಾ ತಂಗೀ, ನೀರಿನ ಲೆಕ್ಕ ಬರ್ತಿಲ್ಲ! ತುಣುಕು ಸಿಗಲಿಲ್ಲ, ತುಣುಕು ಸಿಗಲಿಲ್ಲ ಅಂತಲೇ ಬಡ್ಕೊಳ್ತಿದೆ. ಬೆಳಗಿನ ಸರದಿಯವರೆಲ್ಲ ಕೂತಿದ್ದಾರೆ. ನಾನು ಕೈಯಲ್ಲೇ ಲೆಕ್ಕ ಹಾಕಿ ಶುರು ಮಾಡ್ತಿದ್ದೀನಿ, ಆದ್ರೆ ಡಾಕ್ಟರು ಒಬ್ಬೊಬ್ಬರದ್ದೂ ಎರಡೆರಡು ಸಲ ನೋಡಿ ಸಹಿ ಹಾಕ್ಬೇಕು. ಮಧ್ಯಾಹ್ನದವರ ಗತಿ ಏನು?"

ಫೋನಿಗೆ ಸಿಗ್ನಲ್ ಸರಿಯಾಗಿ ಸಿಗುವುದು ಮಾಳಿಗೆಯ ಮೇಲೆ ಮಾತ್ರ. ದೊರ್ರಾ ಓಡಿ ಹತ್ತಿದಳು. ಗಾಳಿಗೆ ತಲೆವಸ್ತ್ರ ಮುಖಕ್ಕೆ ಹೊಡೆಯುತ್ತಿತ್ತು. ಜಿಲಾನಿ ಹಿಂದೆಯೇ ಬಂದು ಕಂಬಳಿ ಹಿಡಿದು ಗಾಳಿಗೆ ಅಡ್ಡ ನಿಂತ. ಮೊದಲು ಹಾತಿಮನಿಗೆ ಫೋನ್ ಮಾಡಿದಳು. ಅವನು ತಡವರಿಸಿದ. ಹಬ್ಬಕ್ಕೆ ಮುಂಚೆ ಒಂದು ತುಣುಕನ್ನು ತಿದ್ದಿ ಮತ್ತೆ ಕಟ್ಟಿದ್ದನಂತೆ; ಹಾಗೆ ಕಟ್ಟಿದಾಗ ಅದಕ್ಕೆ ಹೊಸ ಗುರುತಿನ ಸಂಖ್ಯೆ ಬಂದಿತ್ತು. ಅವತ್ತು ಬೆಳಿಗ್ಗೆ ಗಾಬೆಸ್‌ನಲ್ಲಿ ಆ ತುಣುಕಿನ ಸೀಡಿ ಹಾಕಿದ ಕೂಡಲೇ ವಸೀಲಾ ಹೊಸ ಸಂಖ್ಯೆಯನ್ನು ನೋಂದಾಯಿಸಿ, ಹಳೆಯದಕ್ಕೆ ವಾರಸುದಾರರಿಲ್ಲ ಎಂದು ಗುಡಿಸಿ ಹಾಕಿದ್ದಳು. ಸೀ ತೌಫೀಕ್ ಬರೆದ ನೀರಿನ ಲೆಕ್ಕದ ಹಳೆಯ ತುಣುಕಾದರೋ ಇನ್ನೂ ಆ ಹಳೆಯ ಸಂಖ್ಯೆಯನ್ನೇ ಕೂಗುತ್ತಿತ್ತು.

ಗುಡಿಸಿ ಹಾಕು ಎಂದು ವಸೀಲಾಳಿಗೆ ಕಲಿಸಿದ್ದು ದೊರ್ರಾಳೇ. ಹಾತಿಮನನ್ನು ಬೈಯದೆ ಫೋನ್ ಇಟ್ಟಳು.

ಅಷ್ಟರಲ್ಲಿ ಸೀ ತೌಫೀಕ್ ಸುದ್ದಿ ತಿಳಿದು ತಾವೇ ಕಾರು ಹತ್ತಿ ಗಾಬೆಸ್‌ಗೆ ಹೊರಟಿದ್ದರು. ಅಲ್ಲಿ ತಲುಪಿ ಫೋನ್ ಮಾಡಿದಾಗ ಅವರ ದನಿ ಎಂದಿನದಾಗಿರಲಿಲ್ಲ. ಸುತ್ತ ಯಂತ್ರಗಳ ಸದ್ದು, ಯಾರೋ ಮುದುಕ ಕೆಮ್ಮುವುದು ಕೇಳುತ್ತಿತ್ತು.

"ಕೂತಿದ್ದೀನಿ ಮಗಳೇ. ಹೇಳು."

"ವಸೀಲಾನ ತೆಗೀರಿ. ಎಡಗಡೆ 'ನೆಂಟಸ್ತಿಕೆ' ಅಂತ ಇದೆಯಲ್ಲ, ಒತ್ತಿ."

"ಒತ್ತಿದೆ. ಇದೇನಮ್ಮಾ, ಇಷ್ಟೊಂದು ಗೆರೆಗಳು? ಜೇಡನ ಬಲೆ ಥರ ಇದೆ."

"ಎಲ್ಲಾ ಗೆರೆ ಎಲ್ಲಿಗೆ ಹೋಗುತ್ತೆ ನೋಡಿ."

ಅವರು ಒಂದೊಂದೇ ಗೆರೆ ಎಣಿಸುವುದು ಕೇಳಿಸಿತು. "ನನ್ನ ಲೆಕ್ಕದ ತುಣುಕಿಗೆ."

"ಹೌದು. ಈಗ ನಾನು ಅದು ಕೇಳ್ತಿರೋ ಹಳೇ ಸಂಖ್ಯೆ ಹೇಳ್ತೀನಿ. ಒಂದೊಂದಕ್ಷರ ಬರ್ಕೊಳ್ಳಿ. ಅದನ್ನ ಹಾತಿಮನ ತುಣುಕಿಗೆ ಎರಡನೇ ಹೆಸರಾಗಿ ನೋಂದಾಯಿಸಬೇಕು."

ಅಂಥ ಸಂಖ್ಯೆಗಳು ಅವಳಿಗೆ ಬಾಯಿಪಾಠವಾಗಿದ್ದವು. ಮಾಳಿಗೆಯ ಮೇಲೆ ನಿಂತು, ಎದುರಿಗೆ ಬೆಳ್ಳಗೆ ಕುದಿಯುವ ಸಮುದ್ರ ನೋಡುತ್ತ, ಅಂಕಿ, ಅಕ್ಷರ, ಅಂಕಿ ಎಂದು ಕೂಗಿ ಹೇಳುತ್ತಿದ್ದಳು. ಗಾಳಿ ಅರ್ಧ ಮಾತನ್ನು ಕಿತ್ತುಕೊಂಡು ಹೋಗುತ್ತಿತ್ತು. ಎರಡು ಸಲ ತಪ್ಪಾಯಿತು. ಸೀ ತೌಫೀಕ್ ಅಳಿಸಿ ಮತ್ತೆ ಒತ್ತುವ ಕೀಲಿಮಣೆಯ ಸದ್ದು ಅವಳಿಗೆ ಕೇಳುತ್ತಿತ್ತು. ಹಿಂದಿನಿಂದ ಯಾರೋ ಹೆಂಗಸು, "ಏನಪ್ಪಾ, ನಮ್ಮ ನೀರು ಎಷ್ಟೂಂತ ದೇವರಿಗಾದ್ರೂ ಗೊತ್ತಾ?" ಎಂದದ್ದು ಕೇಳಿಸಿತು.

ಅವಳು ಇಲ್ಲಿ ನೀರಿನ ನಡುವೆ ಸಿಕ್ಕಿಕೊಂಡಿದ್ದಳು, ಅವರು ಅಲ್ಲಿ ರೋಗಿಗಳ ನಡುವೆ. ಇಬ್ಬರ ಮಧ್ಯೆ ಇದ್ದದ್ದು ಒಂದು ಸಂಖ್ಯೆ.

ಮೂರನೇ ಸಲಕ್ಕೆ ಸಲ್ವಾಳ ದನಿ ಕೇಳಿತು. "ಬಂತು! ಲೆಕ್ಕ ಬಂತು! ನಾನು ಕೈಯಲ್ಲಿ ಹಾಕಿದ್ದಕ್ಕೂ ಸರಿಹೋಯ್ತು, ಅಲ್‌ಹಮ್ದುಲಿಲ್ಲಾ!"

ದೊರ್ರಾ ಮಾಳಿಗೆಯ ನೆಲದ ಮೇಲೇ ಕೂತಳು. ಫೋನ್ ಇನ್ನೂ ಕಿವಿಯಲ್ಲಿತ್ತು. ಇಷ್ಟು ದಿನ ಗಂಟಲಲ್ಲಿದ್ದ ಮಾತು ತಾನಾಗಿ ಆಚೆ ಬಂತು.

"ಸೀ ತೌಫೀಕ್, ಕೋಪ ಮಾಡ್ಕೋಬೇಡಿ. ನಿಮ್ಮ ಲೆಕ್ಕದ ತುಣುಕನ್ನ ತೆಗೀಬೇಕು. ಅದಿರೋವರೆಗೂ ವಸೀಲಾ ಬೇಕು. ವಸೀಲಾ ಇರೋವರೆಗೂ ನಾನು ಬೇಕು. ನಾನು ಲೂದ್ ಮೇಲೆ ಇದ್ದಾಗ, ಹೆರಿಗೆ ಕೋಣೇಲಿದ್ದಾಗ ಹಿಂಗಾದ್ರೆ ಯಾರಿಗೆ ಫೋನ್ ಮಾಡ್ತೀರಿ?"

ಅಷ್ಟರಲ್ಲಿ ಫೋನ್ ಕಟ್ಟಾಯಿತು. ಅವರೇ ಇಟ್ಟರೋ, ಗಾಳಿ ಕಡಿಯಿತೋ ತಿಳಿಯಲಿಲ್ಲ.

"ಹೆರಿಗೆ ಕೋಣೆ ಅಂದ್ಯಲ್ಲ?" ಎಂದ ಜಿಲಾನಿ, ಕಂಬಳಿ ಹಿಡಿದೇ.

"ಮಾತಿಗೆ ಅಂದೆ."

"ಮಾತಿಗೇನಾ?"

"ಮಾತಿಗೇ ಕಣೋ. ಕಂಬಳಿ ಕೊಡು, ಚಳಿ."

ಮರಳಿ ಕಚೇರಿಗೆ ಹೋದಾಗ ಸೀ ತೌಫೀಕ್ ಅವಳ ಕಡೆ ನೋಡಲಿಲ್ಲ. ಹಲವು ದಿನ ಬಾಗಿಲು ಹಾಕಿಕೊಂಡು ಕೂತರು. ಹಾತಿಮ್ ಕೂಡ ಆ ದಿನಗಳಲ್ಲಿ ತಮಾಷೆ ಬಿಟ್ಟಿದ್ದ. ಒಂದು ದಿನ ಅವರೇ ಬಂದು ಅವಳ ಮೇಜಿನ ಪಕ್ಕ ಕುರ್ಚಿ ಎಳೆದುಕೊಂಡರು.

"ಆ ಲೆಕ್ಕದ ತುಣುಕನ್ನ ನಾನು ಮೊದಲು ಬರೆದಾಗ ನಮ್ಮಮ್ಮ ಬದುಕಿದ್ದಳು. ಡಯಾಲಿಸಿಸ್‌ಗೆ ಬಾಗಿಲ ಹತ್ತಿರದ ಕುರ್ಚಿ ಅವಳದ್ದು. ಅವಳಿಗೆ ಸ್ವಲ್ಪ ಜಾಸ್ತಿ ನೀರು ತೆಗೆದ್ರೂ ಕಾಲು ಸೆಳೀತಿತ್ತು. ಅವಳ ಕಾಲು ನೋಡಿ ನೋಡಿ ಲೆಕ್ಕ ತಿದ್ದಿದ್ದೀನಿ ಮಗಳೇ. ಬೇರೆಯವರು ಮುಟ್ಟಿದ್ರೆ..." ಮಾತು ನಿಲ್ಲಿಸಿ ಕನ್ನಡಕ ಒರೆಸಿದರು. "ತೆಗಿ. ಹೊಸದು ಬರಿ. ಆದ್ರೆ ನೀನೇ ಬರೀಬೇಕು. ನಾನು ಪಕ್ಕದಲ್ಲಿ ಕೂತ್ಕೋತೀನಿ."

ಬಿಡುಗಡೆಯ ದಾರಿಗೂ ಅವಳೇ ಗುದ್ದಲಿ ಹಿಡಿಯಬೇಕಿತ್ತು. ಹಳೆಯ ತುಣುಕನ್ನು ಪರದೆಯ ಮೇಲೆ ತೆರೆದಳು.

ಬರೆದರು. ಅವರು ಒಂದೊಂದು ಸಾಲಿಗೂ ಕಾರಣ ಹೇಳುತ್ತಿದ್ದರು, ಅವಳು ಹೊಸ ಭಾಷೆಗೆ ಇಳಿಸುತ್ತಿದ್ದಳು. ಕೆಲವು ದಿನ ಜಗಳವಾಡಿದರು, ಕೆಲವು ದಿನ ನಕ್ಕರು. ಡಾಕ್ಟರುಗಳು ಹಳೆಯ ಲೆಕ್ಕವನ್ನೂ ಹೊಸ ಲೆಕ್ಕವನ್ನೂ ಪಕ್ಕಪಕ್ಕ ಇಟ್ಟು ನೋಡಿ ಒಪ್ಪಬೇಕು. ಚಳಿಗಾಲ ಹೋಗಿ ಬೇಸಿಗೆ ಬಂದು ಮತ್ತೆ ಚಳಿಗಾಲ ಬಂತು. ರಮ್ಲಾದ ತರಬೇತಿ ಕೇಂದ್ರ ಕಾದು ಕಾದು ಬೇರೆಯವರನ್ನು ನೇಮಿಸಿಕೊಂಡಿತು.

ಹೊಸ ಲೆಕ್ಕ ಗಾಬೆಸ್‌ನಲ್ಲಿ ಓಡಿದ ವಾರವೇ ಜಿಲಾನಿ ಒಂದು ಸುದ್ದಿ ಹೊತ್ತು ಸ್ಫಾಕ್ಸ್‌ಗೆ ಬಂದ. ಮುಖದಲ್ಲಿ ಕಳ್ಳನಗು.

"ನೀನು ಬರೋಕಾಗಲ್ಲ ಅಂತ ನಾನೇ ವರ್ಗ ಕೇಳಿದ್ದೆ. ನಿನಗೆ ಹೇಳಿರ್ಲಿಲ್ಲ. ಸಿಕ್ತು. ಇಲ್ಲೇ ಸಾಕಿಯೆತ್ ಎಝ್ಝೀತ್ ಶಾಲೆ."

ದೊರ್ರಾ ಅವನನ್ನೇ ನೋಡಿದಳು. "ಜಿಲಾನಿ, ನನ್ನ ಕೆಲಸ ಮುಗೀತು. ನಾನೇ ಬರೋಳಿದ್ದೆ."

ಜಿಲಾನಿ ವರ್ಗದ ಕಾಗದವನ್ನು ಮಡಚಿ ಜೇಬಿಗಿಟ್ಟ. ಒಮ್ಮೆ ಸಿಕ್ಕ ವರ್ಗವನ್ನು ಕೂಡಲೇ ಹಿಂದಿರುಗಿಸುವ ಹಾಗಿರಲಿಲ್ಲ. ದ್ವೀಪದ ಶಾಲೆಗೆ ಬೇರೆ ಮೇಷ್ಟ್ರು ಆಗಲೇ ಬಂದಿದ್ದರು.

ಹೀಗೆ ಅವರ ಸಂಸಾರ ಸ್ಫಾಕ್ಸ್‌ನಲ್ಲಿ ನಡೆಯಿತು. ಜಿಲಾನಿ ಕಾರ್ಖಾನೆಯ ಹೊಗೆ ಕಾಣುವ ಬಾಲ್ಕನಿಯಲ್ಲಿ ನಿಂತು ಬೆಳಿಗ್ಗೆ ಗಾಳಿ ಯಾವ ಕಡೆಯದು ಎಂದು ನೋಡುತ್ತಿದ್ದ. ದೋಣಿ ಇಳಿಸುವವನೇನೂ ಅಲ್ಲ, ಆದರೂ ನೋಡುತ್ತಿದ್ದ. ಅವನು ಗೊಣಗಲಿಲ್ಲ. ಅವನು ಗೊಣಗದಿರುವುದೇ ದೊರ್ರಾಳಿಗೆ ಭಾರವಾಗುತ್ತಿತ್ತು. ಅವಳು ಹಳೆಯ ಕಚೇರಿಯಲ್ಲೇ ಉಳಿದಳು. ಬಿಟ್ಟು ಎಲ್ಲಿಗೆ ಹೋಗುವುದು? ಹಾತಿಮ್ ಹೇಳಿದಂತೆ ಟ್ಯೂನಿಸ್‌ಗೆ ಹೋದ.

ಎಲ್ಲ ಕೇಂದ್ರಗಳೂ ಹೊಸದಕ್ಕೆ ಬದಲಾದವು, ಕೆಬಿಲಿ ಮತ್ತು ತೊಝೂರ್ ಬಿಟ್ಟು. ಅಲ್ಲಿಯ ಕಂಪ್ಯೂಟರುಗಳಿಗೆ ಹೊಸದನ್ನು ಹೊರುವ ಶಕ್ತಿಯಿರಲಿಲ್ಲ, ಬದಲಾಯಿಸುವ ಮನಸ್ಸು ಅಲ್ಲಿಯವರಿಗಿರಲಿಲ್ಲ. ಆ ಎರಡಕ್ಕಾಗಿ ವಸೀಲಾ ಉಳಿದಳು.

ಹಾತಿಮನ ಜಾಗಕ್ಕೆ ಯುಸ್ರ್ ಎಂಬ ಹುಡುಗಿ ಬಂದಳು. ಚುರುಕು ಬುದ್ಧಿ, ಎಲ್ಲದಕ್ಕೂ ಪ್ರಶ್ನೆ. ಸೀ ತೌಫೀಕ್ ಒಂದು ಮಧ್ಯಾಹ್ನ ಹೇಳಿದರು: "ಮಗಳೇ, ಇವಳಿಗೆ ವಸೀಲಾನ ಕಲಿಸಿಬಿಡು. ನಿನಗೂ ಒಂದು ಜೊತೆ ಆಗುತ್ತೆ."

ಯುಸ್ರ್ ಖುಷಿಯಿಂದ ಕುರ್ಚಿ ಎಳೆದುಕೊಂಡು ಬಂದಳು. ಪರದೆಯ ಮೇಲಿನ ಗೆರೆಗಳ ಬಲೆಯನ್ನು ಕಣ್ಣರಳಿಸಿ ನೋಡಿದಳು. "ಅಬ್ಬಾ! ಇದೆಲ್ಲ ನೀವೊಬ್ರೇ ಕಟ್ಟಿದ್ದಾ? ಇದನ್ನ ಕಲಿಯೋಕೆ ಎಷ್ಟು ದಿನ ಬೇಕು?"

ಅವಳ ಬೆರಳಲ್ಲಿ ಹೊಸ ನಿಶ್ಚಿತಾರ್ಥದ ಉಂಗುರವಿತ್ತು. ಹುಡುಗ ಮಹ್ದಿಯಾದವನಂತೆ, ಬೇಸಿಗೆಗೆ ಮದುವೆ. ದೊರ್ರಾ ಆ ಉಂಗುರವನ್ನು ನೋಡಿದಳು, ಹುಡುಗಿಯ ಮುಖವನ್ನು ನೋಡಿದಳು. ಕಲಿಸಿದರೆ ತನ್ನ ಕೊರಳು ಹಗುರವಾಗುತ್ತದೆ. ವಾರಕ್ಕೊಮ್ಮೆಯಾದರೂ ಫೋನ್ ಆರಿಸಿ ಜಿಲಾನಿಯೊಂದಿಗೆ ಲೂದ್ ಹತ್ತಬಹುದು. ಅವಳು ಕೈ ಚಾಚಿ ವಸೀಲಾಳನ್ನು ಮುಚ್ಚಿದಳು.

"ಇದು ಬೇಡ ನಿನಗೆ."

"ಯಾಕೆ? ಕಷ್ಟಾನಾ?"

"ಒಳಗೆ ಹೋಗೋದು ಸುಲಭ. ಅದಕ್ಕೇ ಬೇಡ. ಆ ಕಡೆ ಹೋಗು, ಹೊಸ ವಿಮೆ ಕಾಗದದ ಕೆಲಸ ಇದೆ, ಅದನ್ನ ಮಾಡು. ಸೀ ತೌಫೀಕ್ ಕೇಳಿದ್ರೆ ದೊರ್ರಾ ಕಲಿಸ್ತಿದ್ದಾಳೆ ಅನ್ನು."

ಯುಸ್ರ್ ಮುಖ ಸಪ್ಪಗೆ ಮಾಡಿಕೊಂಡು ಎದ್ದು ಹೋದಳು. ಈ ಹೆಂಗಸಿಗೆ ವಿದ್ಯೆ ಬಚ್ಚಿಟ್ಟುಕೊಳ್ಳುವ ಚಾಳಿ ಎಂದು ಆಕೆ ಆಮೇಲೆ ಯಾರ ಬಳಿಯೋ ಹೇಳಿದಳಂತೆ. ಕಿವಿಗೆ ಬಿದ್ದರೂ ದೊರ್ರಾ ತಿದ್ದಲು ಹೋಗಲಿಲ್ಲ. ಅವತ್ತು ಸಂಜೆ ಕೆಲಸ ಮುಗಿದ ಕೂಡಲೇ ಹುಡುಗಿ ಚೀಲ ಹೆಗಲಿಗೇರಿಸಿ, ಮೆಟ್ಟಿಲನ್ನು ಎರಡೆರಡಾಗಿ ಹಾರುತ್ತ ಇಳಿದು, ಬೀದಿಯಲ್ಲಿ ಕಾಯುತ್ತಿದ್ದವನ ಸ್ಕೂಟರ್ ಹತ್ತಿದಳು. ದೊರ್ರಾ ಕಿಟಕಿಯಿಂದ ಅಷ್ಟನ್ನೂ ನೋಡಿ, ಕುರ್ಚಿಗೆ ಮರಳಿ, ತೊಝೂರಿನ ಸೀಡಿಯನ್ನು ಸಿದ್ಧಮಾಡತೊಡಗಿದಳು.